ಮಾಂಸದಂಗಡಿಯ ಹಿಂಬಾಗಿಲು

ಟೆಕ್ಸಸ್ ಸಂಸ್ಥಾನದ ರಾಜಧಾನಿಯಾದ ಆಸ್ಟಿನ್ ನಗರದಿಂದ ದಕ್ಷಿಣಾಭಿಮುಖವಾಗಿ ಸುಮಾರು 30 ಮೈಲಿ ಸಾಗಿದರೆ, ಹೊಲಗಳ ಸಾಲು ಮುಗಿದು ಮನೆಗಳ ಸಾಲು ಮೊದಲಾಗುವ ಎಡೆಯಲ್ಲಿ, ಕಣ್ಣಿಗೆ ವಿಶೇಷವಾದುದು ಏನೊಂದೂ ಗೋಚರಿಸುವುದಕ್ಕೆ ಮುನ್ನವೇ, ಓಕ್ ಮರದ ಸೌದೆ ಉರಿಯುವ ಗಂಧವು ಪ್ರಯಾಣಿಕನನ್ನು ಎದುರ್ಗೊಳ್ಳುತ್ತದೆ. ಊರಿನ ಹೆಸರು ಲಾಕ್‌ಹಾರ್ಟ್. ಕಾಲ್ಡ್‌ವೆಲ್ ಜಿಲ್ಲೆಯ ಮುಖ್ಯಸ್ಥಳ. 2020ರ ಜನಗಣತಿಯಂತೆ 14,000ಕ್ಕೆ ತುಸು ಮಿಗಿಲಾದ ಜನವಸತಿಯುಳ್ಳ ಸಣ್ಣ ಪಟ್ಟಣ. 1999ರಲ್ಲಿ ಟೆಕ್ಸಸ್ ಶಾಸನಸಭೆಯ ಕೆಳಮನೆಯು ನಿರ್ಣಯವೊಂದನ್ನು ಅಂಗೀಕರಿಸಿ ಇದನ್ನು ಆ ಸಂಸ್ಥಾನದ ಬಾರ್ಬೆಕ್ಯೂ ರಾಜಧಾನಿಯೆಂದು ಸಾರಿತು. ಇಂಥ ಬಿರುದುಗಳು ಸಾಮಾನ್ಯವಾಗಿ ಪ್ರಚಾರಕ್ಕೆ ಒದಗುವುವೇ ಹೊರತು ಚರಿತ್ರೆಗೆ ಒದಗುವುದಿಲ್ಲ. ಆದರೆ ಕ್ರೈಟ್ಸ್ ಮಾರ್ಕೆಟ್, ಸ್ಮಿಟೀಸ್ ಮಾರ್ಕೆಟ್, ಬ್ಲ್ಯಾಕ್ಸ್ ಬಾರ್ಬೆಕ್ಯೂ, ಚಿಸಮ್ ಟ್ರೇಲ್ ಬಾರ್ಬೆಕ್ಯೂ ಎಂಬ ನಾಲ್ಕು ಭೋಜನಗೃಹಗಳು ಇಷ್ಟು ಚಿಕ್ಕ ಊರಿನಲ್ಲಿ, ನಡೆದೇ ಸುತ್ತಬಹುದಾದ ಅಂತರದೊಳಗೆ, ವರ್ಷದುದ್ದಕ್ಕೂ ದೂರದೂರದ ಜನರನ್ನು ಬರಮಾಡಿಕೊಳ್ಳುತ್ತಿರುವುದನ್ನು ಕಂಡಾಗ, ಹೀಗಾಗಲು ಕಾರಣವೇನೆಂದು ಕೇಳದೆ ಮುಂದೆ ಹೋಗುವುದು ನನ್ನಿಂದಾಗಲಿಲ್ಲ. ಆ ಕಾರಣವನ್ನು ಅರಸುತ್ತ ಹೊರಟವನಿಗೆ ದೊರೆತದ್ದು ಪಾಕಶಾಸ್ತ್ರದ ಚರಿತ್ರೆಗಿಂತ ಹೆಚ್ಚಾಗಿ ಮಣ್ಣಿನ ಚರಿತ್ರೆ, ಹತ್ತಿಯ ಚರಿತ್ರೆ, ಮತ್ತು ಕೂಲಿಯವರ ಹಸಿವಿನ ಚರಿತ್ರೆ.

ಬಾರ್ಬೆಕ್ಯೂ ಎಂದರೆ ಕೆಂಡದ ಮೇಲೆ ಮಾಂಸವನ್ನು ಸುಡುವುದೆಂದು ನಮ್ಮಲ್ಲಿ ಬಹುಮಂದಿಯ ಗ್ರಹಿಕೆ. ಮಧ್ಯ ಟೆಕ್ಸಸ್ಸಿನಲ್ಲಿ ಆ ಮಾತಿಗೆ ಅರ್ಥ ಬೇರೆ. ಅಲ್ಲಿ ಬೆಂಕಿಯು ಮಾಂಸದ ಕೆಳಗಿರುವುದಿಲ್ಲ, ಪಕ್ಕದಲ್ಲಿರುತ್ತದೆ. ಸೊಂಟದೆತ್ತರಕ್ಕೆ ಇಟ್ಟಿಗೆಯಿಂದ ಕಟ್ಟಿ ಮೇಲೆ ಕಬ್ಬಿಣದ ಮುಚ್ಚಳ ಹೊದಿಸಿದ ಉದ್ದವಾದ ಒಲೆಯ ಒಂದು ಬಾಯಲ್ಲಿ ಸೌದೆ ಉರಿಯುತ್ತದೆ. ಇನ್ನೊಂದು ಕೊನೆಯಲ್ಲಿರುವ ಹೊಗೆಗೂಡು ಆ ಉರಿಯ ಬಿಸಿಯನ್ನೂ ಹೊಗೆಯನ್ನೂ ತನ್ನತ್ತ ಸೆಳೆದುಕೊಳ್ಳುತ್ತದೆ. ನಡುವೆ ಕಬ್ಬಿಣದ ಜಾಲರಿಯ ಮೇಲಿರಿಸಿದ ಮಾಂಸವು ಗಂಟೆಗಟ್ಟಲೆ ಆ ಉಷ್ಣಪ್ರವಾಹದಲ್ಲಿ ಬೇಯುತ್ತದೆ. ಈ ಒಲೆಗೆ ಅಲ್ಲಿಯವರು ಪಿಟ್ ಎನ್ನುತ್ತಾರೆ, ಅಂದರೆ ಗುಂಡಿ. ನೆಲದಲ್ಲಿ ಗುಂಡಿ ತೋಡಿ ಮಾಂಸ ಬೇಯಿಸುತ್ತಿದ್ದ ಕಾಲದ ಹೆಸರು ಒಲೆ ನೆಲದ ಮೇಲಕ್ಕೆ ಬಂದ ಮೇಲೂ ಉಳಿದುಕೊಂಡಿತು. ಬಾರ್ಬೆಕ್ಯೂ ಎಂಬ ಶಬ್ದವಾದರೋ ಇನ್ನೂ ಹಳೆಯದು. ಕೆರಿಬಿಯನ್ ದ್ವೀಪಗಳ ಟೈನೋ ಜನರು ಕೊಂಬೆಗಳಿಂದ ಹೆಣೆದ ಅಟ್ಟದ ಮೇಲೆ ಮಾಂಸವನ್ನಿರಿಸಿ ಕೆಳಗೆ ಬೆಂಕಿ ಮಾಡುತ್ತಿದ್ದರೆಂದೂ, ಆ ಅಟ್ಟದ ಹೆಸರನ್ನು ಸ್ಪ್ಯಾನಿಷರು ಬಾರ್ಬಕೋವಾ ಎಂದು ಬರೆದುಕೊಂಡು ಬಳಕೆಗೆ ತಂದರೆಂದೂ ಭಾಷಾವಿದರು ಹೇಳುತ್ತಾರೆ.

ಕಾಲ್ಡ್‌ವೆಲ್ ಜಿಲ್ಲೆಯು ಎರಡು ಬಗೆಯ ನೆಲಗಳು ಕೂಡುವ ಸ್ಥಳದಲ್ಲಿದೆ. ಅದರ ಪಶ್ಚಿಮಭಾಗವು ನಮ್ಮ ಉತ್ತರದ ಸೀಮೆಯ ರೈತರು ಎರೆ ಎಂದು ಕರೆಯುವಂಥ ಕರಿಮಣ್ಣಿನ ಬಯಲು: ಮಳೆಗೆ ಅಂಟಾಗಿ, ಬಿಸಿಲಿಗೆ ಬಿರಿದು, ಹತ್ತಿಯ ಬೆಳೆಗೆ ಮನಸಾರೆ ಒದಗುವ ಭೂಮಿ. ಪೂರ್ವಭಾಗವು ಮರಳು ಬೆರೆತ ನೆಲ. ಅಲ್ಲಿ ಪೋಸ್ಟ್ ಓಕ್ ಎಂಬ ಮರಗಳು ಚದುರಿ ನಿಂತಿವೆ. ಬೇಲಿಯ ಗೂಟಗಳಿಗೆ ಆ ಮರ ಬಾಳಿಕೆ ಬರುವುದರಿಂದ ಅದಕ್ಕೆ ಆ ಹೆಸರು. ಗಟ್ಟಿಯಾದ ಸೌದೆ, ಚೆನ್ನಾಗಿ ಒಣಗಿಸಿ ಉರಿಸಿದರೆ ಒಂದೇ ಸಮನಾಗಿ ಉರಿದು, ಕಹಿಯಿಲ್ಲದ ತೆಳುವಾದ ಹೊಗೆಯನ್ನು ಕೊಡುತ್ತದೆ. ಕರಿಮಣ್ಣು ಕೂಲಿಯವರನ್ನು ಕರೆತಂದಿತು, ಮರಳುನೆಲ ಅವರ ಊಟಕ್ಕೆ ಬೆಂಕಿಯನ್ನೊದಗಿಸಿತು. ಈ ಎರಡರಲ್ಲಿ ಒಂದಿಲ್ಲದಿದ್ದರೂ ಲಾಕ್‌ಹಾರ್ಟಿನಲ್ಲಿ ಇಂದು ನಾವು ಕಾಣುವ ಒಲೆಗಳಿರುತ್ತಿರಲಿಲ್ಲವೆಂದು ನನಗೆ ತೋರುತ್ತದೆ.

ಊರಿನ ಆರಂಭಕಾಲದ ಕಥೆ ಇಲ್ಲಿ ದೀರ್ಘವಾಗಿ ಬೇಕಾಗಿಲ್ಲ. ಬರ್ಡ್ ಲಾಕ್‌ಹಾರ್ಟ್ ಎಂಬ ಭೂಮಾಪಕನಿಗೆ ದೊರೆತ ಭೂಮಿಯ ಮೇಲೆ ಇದು ಬೆಳೆಯಿತು. 1840ರ ಆಗಸ್ಟ್ ತಿಂಗಳಿನಲ್ಲಿ ಸಮೀಪದ ಪ್ಲಮ್ ಕ್ರೀಕ್ ಹಳ್ಳದ ಬಳಿ ಟೆಕ್ಸಸ್ಸಿನ ವಸತಿಗಾರರಿಗೂ ಆ ಬಯಲುಗಳ ಮೊದಲಿನ ಒಡೆಯರಾದ ಕೊಮಾಂಚಿ ಜನರಿಗೂ ಕಾಳಗವಾಗಿ, ಕೊಮಾಂಚಿಗಳು ಸೋತು ಹಿಮ್ಮೆಟ್ಟಿದರು. 1848ರಲ್ಲಿ ಜಿಲ್ಲೆ ರೂಪುಗೊಂಡಿತು. ಅಮೆರಿಕದ ಅಂತರ್ಯುದ್ಧ ಮುಗಿದ ತರುಣದಲ್ಲಿ, ಟೆಕ್ಸಸ್ಸಿನಲ್ಲಿ 4 ಡಾಲರಿಗೆ ಕೊಳ್ಳುವವರಿಲ್ಲದ ದನಕ್ಕೆ ಉತ್ತರದ ಪೇಟೆಗಳಲ್ಲಿ 40 ಡಾಲರು ಸಿಕ್ಕುತ್ತದೆಂಬ ಸುದ್ದಿ ಹಬ್ಬಿದಾಗ, 1867ರಿಂದ ಮೊದಲ್ಗೊಂಡು ಲಕ್ಷಾಂತರ ದನಗಳ ಹಿಂಡುಗಳು ಚಿಸಮ್ ಹಾದಿಯೆಂದು ಹೆಸರಾದ ದಾರಿಯಲ್ಲಿ ಕ್ಯಾನ್ಸಸ್ಸಿನ ರೈಲುನಿಲ್ದಾಣಗಳಿಗೆ ಹೋದವು. ಲಾಕ್‌ಹಾರ್ಟ್ ಆ ಹಾದಿಗೆ ಸೇರಿದ ಊರು. ಬಾರ್ಬೆಕ್ಯೂವಿನ ಮೂಲವನ್ನು ಈ ದನಗಾಹಿಗಳ ಬಿಡಾರದಲ್ಲಿ ಹುಡುಕುವವರು ಅನೇಕರಿದ್ದಾರೆ. ಕುದುರೆ, ಟೊಪ್ಪಿಗೆ, ಬಯಲ ಬೆಂಕಿ ಇವುಗಳ ಚಿತ್ರ ಅಷ್ಟು ಮನೋಹರವಾದುದು. ಆದರೆ ಹಾದಿಯಲ್ಲಿದ್ದ ದನಗಾಹಿಯು ತಾನು ಮಾರಲೊಯ್ಯುತ್ತಿದ್ದ ದನವನ್ನು ಕೊಂದು ದಿನವಿಡೀ ಹೊಗೆಯಲ್ಲಿ ಬೇಯಿಸುತ್ತ ಕೂಡುವಷ್ಟು ಬಿಡುವುಳ್ಳವನಾಗಿರಲಿಲ್ಲ. ಹುರುಳಿಯಂಥ ಕಾಳು, ಉಪ್ಪಿಟ್ಟ ಹಂದಿಮಾಂಸ, ಒರಟು ರೊಟ್ಟಿ ಇವೇ ಅವನ ಊಟ. ಒಲೆಯ ಕಥೆ ಮೊದಲಾಗುವುದು ದನಗಳ ಹಾದಿಯಲ್ಲಲ್ಲ, ಪೇಟೆಯ ಬೀದಿಯಲ್ಲಿ.

1887ರಲ್ಲಿ ರೈಲು ಬಂತು. ಕರಿಮಣ್ಣಿನ ಹೊಲಗಳಲ್ಲಿ ಬೆಳೆದ ಹತ್ತಿಯು ದೂರದ ಗಿರಣಿಗಳಿಗೆ ಹೋಗಲು ದಾರಿಯಾಯಿತು; ಊರಿಗೆ ಹಣ ಬಂತು. ಆ ಹಣದ ಗುರುತುಗಳು ಈಗಲೂ ನಿಂತಿವೆ. 1894ರಲ್ಲಿ ಮುಗಿದ ಜಿಲ್ಲಾ ನ್ಯಾಯಾಲಯದ ಕಟ್ಟಡವು, ಸುಣ್ಣಕಲ್ಲು ಕೆಂಪುಕಲ್ಲುಗಳ ಮೈಯನ್ನೂ ಗಡಿಯಾರದ ಗೋಪುರವನ್ನೂ ಹೊತ್ತು, ಚೌಕದ ನಡುವೆ ಇಂದಿಗೂ ಊರನ್ನಾಳುತ್ತಿರುವಂತೆ ತೋರುತ್ತದೆ. 1899ರಲ್ಲಿ ಕಟ್ಟಿದ ಡಾಕ್ಟರ್ ಯೂಜೀನ್ ಕ್ಲಾರ್ಕ್ ಗ್ರಂಥಾಲಯವು ಟೆಕ್ಸಸ್ಸಿನಲ್ಲಿ ಎಡೆಬಿಡದೆ ನಡೆದುಬಂದಿರುವ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಎಲ್ಲಕ್ಕಿಂತ ಹಳೆಯದು. ಗ್ರಂಥಾಲಯ ಕಟ್ಟಿದ ಮರುವರ್ಷ, 1900ರಲ್ಲಿ, ಚಾರ್ಲ್ಸ್ ಕ್ರೈಟ್ಸ್ ಎಂಬ ಜರ್ಮನ್ ಮನೆತನದ ವರ್ತಕನು ಇದೇ ಚೌಕದ ಸಮೀಪದಲ್ಲಿ ಒಂದು ಮಾಂಸದಂಗಡಿಯನ್ನು ಕೊಂಡುಕೊಂಡನು. ನ್ಯಾಯಾಲಯವನ್ನೂ ಗ್ರಂಥಾಲಯವನ್ನೂ ಕಟ್ಟಿದವರು ಶಾಶ್ವತವಾದುದನ್ನು ಕಟ್ಟುತ್ತಿದ್ದೇವೆಂದು ತಿಳಿದೇ ಕಟ್ಟಿದರು. ಕ್ರೈಟ್ಸನು ಕೊಂಡದ್ದು ದಿನಸಿಯನ್ನೂ ಮಾರುತ್ತಿದ್ದ ಒಂದು ಸಾಧಾರಣ ಅಂಗಡಿ. ಇಂದು ಹೊರಗಿನವರು ಈ ಊರಿನ ಹೆಸರನ್ನು ಅರಿತಿರುವುದು ಬಹುಮಟ್ಟಿಗೆ ಆ ಅಂಗಡಿಯ ದೆಸೆಯಿಂದ.

ಶೀತಯಂತ್ರವಿಲ್ಲದ ಕಾಲದಲ್ಲಿ ಟೆಕ್ಸಸ್ಸಿನಂಥ ಉಷ್ಣಪ್ರದೇಶದಲ್ಲಿ ಮಾಂಸ ಮಾರುವವನ ಕಷ್ಟವನ್ನು ಸ್ವಲ್ಪ ಯೋಚಿಸಬೇಕು. ಒಂದು ದನವನ್ನು ಕಡಿದರೆ ಅದರಿಂದ ನೂರಾರು ಪೌಂಡು ಮಾಂಸ ಬರುತ್ತದೆ. ಬೆನ್ನಿನ ಮತ್ತು ಸೊಂಟದ ಮೆದುವಾದ ತುಂಡುಗಳನ್ನು ಊರಿನ ಅನುಕೂಲಸ್ಥರು ಬೆಳಿಗ್ಗೆಯೇ ಬಂದು ಒಯ್ಯುತ್ತಾರೆ. ಉಳಿಯುವುದು ಹೆಗಲು, ಎದೆ, ಪಕ್ಕೆಲುಬು, ಕೊರಳು: ನಡೆದು ನಡೆದು ಗಟ್ಟಿಯಾದ ಸ್ನಾಯುಗಳು, ಬೇಗನೆ ಬೇಯದ, ಬೇಗನೆ ಬಿಕರಿಯಾಗದ ಭಾಗಗಳು. ಮಂಜುಗಡ್ಡೆ ದುಬಾರಿ, ಸಂಜೆಯೊಳಗೆ ಅವುಗಳಿಗೆ ಗತಿ ಕಾಣಿಸದಿದ್ದರೆ ಮರುದಿನ ಎಸೆಯಬೇಕು. ಅಂಗಡಿಯವನ ಲಾಭವೆಲ್ಲ ಇರುವುದು ಈ ಉಳಿಕೆಯಲ್ಲಿ. ಆದುದರಿಂದ ಅಂಗಡಿಯ ಹಿಂದೆ ಒಂದು ಇಟ್ಟಿಗೆಯ ಒಲೆ ಎದ್ದಿತು. ದೊಡ್ಡ ತುಂಡುಗಳನ್ನು ಉಪ್ಪು-ಮೆಣಸು ಸವರಿ ಹೊಗೆಗಿಟ್ಟರು. ಸಣ್ಣ ಚೂರುಗಳನ್ನು ಕೊಬ್ಬಿನೊಡನೆ ಒರಟಾಗಿ ಅರೆದು, ಕರುಳಿನ ಚೀಲದಲ್ಲಿ ತುಂಬಿ, ಎರಡು ತುದಿಗಳನ್ನು ಕೂಡಿಸಿ ಬಳೆಯಾಕಾರವಾಗಿ ಕಟ್ಟಿ ತೂಗುಹಾಕಿದರು. ಅದು ಸಾಸೇಜು. ರುಚಿಗಾಗಿ ಹುಟ್ಟಿದ ಕಲೆಯಲ್ಲ ಇದು. ಕೆಡುವುದನ್ನು ಕೆಡಗೊಡಬಾರದೆಂಬ ವಿವೇಕದಿಂದ ಹುಟ್ಟಿದ್ದು. ರುಚಿಯು ಆ ವಿವೇಕದ ಬೆನ್ನಿಗೆ, ತಾನಾಗಿ ಬಂದಿತು.

ಈ ವಿವೇಕವನ್ನು ಆ ನಾಡಿಗೆ ಹೊತ್ತು ತಂದವರಲ್ಲಿ ಜರ್ಮನರು ಮತ್ತು ಚೆಕ್ ಜನರು ಮುಖ್ಯರು. 1840ರ ದಶಕದಲ್ಲಿ ಜರ್ಮನ್ ಕುಲೀನರ ಸಂಘವೊಂದು ತನ್ನ ದೇಶೀಯರನ್ನು ಟೆಕ್ಸಸ್ಸಿಗೆ ಕಳುಹಿಸತೊಡಗಿ, 1845ರಲ್ಲಿ ನ್ಯೂ ಬ್ರಾನ್‌ಫೆಲ್ಸ್ ಎಂಬ ಊರನ್ನು ಸ್ಥಾಪಿಸಿತು. ಅಲ್ಲಿಂದ ಮುಂದಿನ ಅರ್ಧ ಶತಮಾನದಲ್ಲಿ ಮಧ್ಯ ಟೆಕ್ಸಸ್ಸಿನ ಊರೂರುಗಳಲ್ಲಿ ಜರ್ಮನ್ ಕಸುಬುದಾರರು ನೆಲೆಸಿದರು. ಚಳಿಗಾಲಕ್ಕಾಗಿ ಮಾಂಸವನ್ನು ಹೊಗೆಯಿಂದ ಕಾಪಿಡುವುದೂ ಸಾಸೇಜು ಕಟ್ಟುವುದೂ ಅವರಿಗೆ ತಲೆತಲಾಂತರದ ವಿದ್ಯೆ. ಹಳೆಯ ದೇಶದಲ್ಲಿ ಆ ವಿದ್ಯೆ ಬಹುವಾಗಿ ಹಂದಿಮಾಂಸದ ಮೇಲೆ ನಡೆಯುತ್ತಿತ್ತು. ಇಲ್ಲಿ ದನ ಅಗ್ಗವಾದುದರಿಂದ ಅದೇ ವಿದ್ಯೆ ದನದ ಮೇಲೆ ತಿರುಗಿತು. ಉತ್ತರಕ್ಕಿರುವ ಎಲ್ಗಿನ್ ಎಂಬ ಊರಿನ ಸೌತ್‌ಸೈಡ್ ಮಾರ್ಕೆಟ್ 1882ರಿಂದ ತನ್ನ ಕಾಲಗಣನೆ ಮಾಡುತ್ತದೆ. ಟೇಲರಿನ ಲೂಯೀ ಮ್ಯೂಲರ್ 1949ರದು. ಲಾಕ್‌ಹಾರ್ಟಿನ ದಕ್ಷಿಣಕ್ಕೆ ಲ್ಯೂಲಿಂಗಿನ ಸಿಟಿ ಮಾರ್ಕೆಟ್ 1950ರ ದಶಕದ್ದು. ಈ ಅಂಗಡಿಗಳ ಹೆಸರಿನಲ್ಲಿ ಮಾರ್ಕೆಟ್ ಎಂಬ ಮಾತು ಮತ್ತೆ ಮತ್ತೆ ಬರುವುದನ್ನು ಗಮನಿಸಬೇಕು. ಅವು ಹೋಟೆಲುಗಳಾಗಿ ಹುಟ್ಟಲಿಲ್ಲ. ಹಸಿಮಾಂಸದ ಅಂಗಡಿಗಳಾಗಿ ಹುಟ್ಟಿ, ಕಾಲಕ್ರಮದಲ್ಲಿ ಜನರು ಬಂದು ಕೂತುಬಿಟ್ಟದ್ದರಿಂದ ಹೋಟೆಲುಗಳಾದವು.

ಹಾಗೆ ಬಂದು ಕೂತವರು ಯಾರು? ಈ ಕಥೆಯ ಹೃದಯವಿರುವುದು ಈ ಪ್ರಶ್ನೆಯಲ್ಲಿ. ಹೊಗೆಮಾಂಸವನ್ನು ಊರಿನ ಗೃಹಿಣಿಯರು ಮನೆಗೊಯ್ದು ಊಟಕ್ಕೆ ಬಡಿಸುವರೆಂದು ಅಂಗಡಿಯವರು ಎಣಿಸಿದ್ದಿರಬೇಕು. ಆದರೆ ಹತ್ತಿ ಬಿಡಿಸುವ ಕಾಲದಲ್ಲಿ ಊರಿನಲ್ಲಿ ಮನೆಯಿಲ್ಲದ, ಒಲೆಯಿಲ್ಲದ ಜನ ತುಂಬಿಕೊಳ್ಳುತ್ತಿದ್ದರು. ದಕ್ಷಿಣದ ಹೊಲಗಳಲ್ಲಿ ಹತ್ತಿ ಮೊದಲು ಬಿರಿಯುತ್ತದೆ. ಅಲ್ಲಿಂದ ಉತ್ತರಕ್ಕೆ ಬಿರಿಯುತ್ತ ಹೋದಂತೆ ಬಿಡಿಸುವವರೂ ಊರಿಂದೂರಿಗೆ ಸಾಗುತ್ತಿದ್ದರು. ಅವರಲ್ಲಿ ಮೆಕ್ಸಿಕೋ ಮೂಲದವರಿದ್ದರು, ದಾಸ್ಯದಿಂದ ಬಿಡುಗಡೆಯಾದ ಆಫ್ರಿಕನ್ ಅಮೆರಿಕನರ ಮಕ್ಕಳು ಮೊಮ್ಮಕ್ಕಳಿದ್ದರು, ಹೊಲ ಕಳೆದುಕೊಂಡು ಕೋರಿಗೆ ದುಡಿಯುತ್ತಿದ್ದ ಬಡ ಬಿಳಿಯರೂ ಇದ್ದರು. ಬಿಸಿಲಲ್ಲಿ ಬಗ್ಗಿ, ಮುಳ್ಳಿನಂತೆ ಚುಚ್ಚುವ ಸಿಪ್ಪೆಗಳ ನಡುವಿನಿಂದ ಅರಳೆಯನ್ನು ಬೆರಳುಗಳಿಂದ ಕಿತ್ತು, ಉದ್ದನೆಯ ಗೋಣಿಚೀಲವನ್ನು ಹಿಂದೆ ಎಳೆಯುತ್ತ, ತೂಕದ ಮೇಲೆ ಕೂಲಿ ಪಡೆಯುತ್ತಿದ್ದ ಈ ಜನ ವಾರದ ಕೊನೆಗೆ ಕೈಯಲ್ಲಿ ನಾಲ್ಕು ಕಾಸಾದಾಗ ಊರಿಗೆ ಬಂದರೆ, ಊರಿನ ಊಟದ ಮನೆಗಳು ಅವರಲ್ಲಿ ಬಹುಮಂದಿಗೆ ಬಾಗಿಲು ತೆರೆಯುತ್ತಿರಲಿಲ್ಲ. ಬಣ್ಣದ ಭೇದವು ಅಂದಿನ ಕಾನೂನು ಮತ್ತು ರೂಢಿ. ಮಾಂಸದಂಗಡಿಗೆ ಮಾತ್ರ ಆ ಬಿಗಿ ಅಷ್ಟಾಗಿ ಇರಲಿಲ್ಲ. ಅಲ್ಲಿ ಕೂಡಿಸಿ ಬಡಿಸುವ ಮಾತಿಲ್ಲವಲ್ಲ, ತೂಗಿ ಕಟ್ಟಿಕೊಡುವುದಷ್ಟೆ.

ಅವರು ತೂಗಿಸಿಕೊಂಡರು, ಅಂಗಡಿಯವನು ಮಾಂಸ ಕಟ್ಟುವ ಕಂದು ಕಾಗದದಲ್ಲಿ ಸುತ್ತಿ ಕೊಟ್ಟನು. ಮನೆಗೊಯ್ಯಲು ಮನೆಯಿಲ್ಲದ ಕಾರಣ ಅಲ್ಲಿಯೇ, ಅಂಗಡಿಯ ಹಿಂದಿನ ಅಂಗಳದಲ್ಲಿ, ಗೋಡೆಗೆ ಒರಗಿ, ಇಲ್ಲವೆ ಕುಕ್ಕರುಗಾಲಲ್ಲಿ ಕೂತು ಕಾಗದ ಬಿಚ್ಚಿದರು. ಜೊತೆಗೆ ನಂಚಿಕೊಳ್ಳಲು ಬೇಕೆನಿಸಿದ್ದನ್ನು ಅಂಗಡಿಯ ದಿನಸಿಯ ಹಲಗೆಗಳಿಂದಲೇ ಕೊಂಡರು: ಉಪ್ಪು ಬಿಸ್ಕತ್ತಿನ ಪೊಟ್ಟಣ, ಈರುಳ್ಳಿ, ಉಪ್ಪಿನಲ್ಲಿಟ್ಟ ಸೌತೆಕಾಯಿ, ಒಂದು ತುಂಡು ಚೀಸು, ಹಸಿಮೆಣಸಿನಕಾಯಿ. ತಟ್ಟೆಯಿಲ್ಲ, ಮುಳ್ಳುಚಮಚವಿಲ್ಲ, ಮೇಲೆ ಹೊಯ್ಯಲು ಸಾರೂ ಇಲ್ಲ. ಮುಂದೆ ಒಳಗೆ ಬೆಂಚುಗಳನ್ನು ಹಾಕಿದ ಕಾಲದಲ್ಲಿಯೂ, ಕತ್ತರಿಸಿ ತಿನ್ನಲೆಂದು ಇಟ್ಟ ಚೂರಿಗಳನ್ನು ಹಲಗೆಗೆ ಸರಪಳಿಯಿಂದ ಬಿಗಿದಿದ್ದರಂತೆ. ಒಬ್ಬನ ಊಟವಾದ ಮೇಲೆ ಅದೇ ಚೂರಿ ಮತ್ತೊಬ್ಬನಿಗೆ. ಇಂದು ದೂರದ ನಗರಗಳಿಂದ ಬಂದು ಬೆಲೆಯುಳ್ಳ ವಾಹನಗಳಿಂದಿಳಿಯುವ ಜನ ಕಾಗದದ ಮೇಲಿನ ಮಾಂಸವನ್ನು ಕೈಯಿಂದಲೇ ತಿನ್ನುವುದನ್ನು ಈ ಊರಿನ ಸಂಪ್ರದಾಯವೆಂದು ಸಂತೋಷದಿಂದ ಪಾಲಿಸುತ್ತಾರೆ. ಅದು ಸಂಪ್ರದಾಯವೇ ಸರಿ. ಆದರೆ ಅದನ್ನು ಹಾಕಿಕೊಟ್ಟವರು ಹತ್ತಿ ಬಿಡಿಸುವವರು, ಮೇಜು ಹಾಕಿ ಕರೆಯುವವರಿಲ್ಲದಿದ್ದ ಜನರು. ಬಿಳಿಯ ಬಿಸ್ಕತ್ತೂ ಕಂದು ಕಾಗದವೂ ಅವರು ಬಿಟ್ಟುಹೋದ ಗುರುತುಗಳು; ಬೇರೆ ಗುರುತು ಬಿಡಲು ಅವರಿಗೆ ಆಸ್ಪದವಿರಲಿಲ್ಲ.

ಒಲೆಯ ಮುಂದೆ ನಿಂತವರ ವಿಷಯದಲ್ಲಿಯೂ ಇದೇ ಮಾತನ್ನು ಹೇಳಬೇಕಾಗಿದೆ. ಅಂಗಡಿಯ ಹಲಗೆಯ ಮೇಲಿರುವುದು ಒಡೆಯನ ಹೆಸರು. ಸೌದೆ ಒಟ್ಟಿ, ಹೊಗೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡು, ನಡುರಾತ್ರಿಯಲ್ಲೆದ್ದು ಮಾಂಸವನ್ನು ಮಗುಚಿ ಹಾಕಿದವರಲ್ಲಿ ಟೆಕ್ಸಸ್ಸಿನಾದ್ಯಂತ ಕಪ್ಪುಜನರೂ ಮೆಕ್ಸಿಕನ್ ಮೂಲದವರೂ ಬಹುಸಂಖ್ಯೆಯಲ್ಲಿದ್ದರು. ದಾಸ್ಯಕಾಲದ ದೊಡ್ಡ ಔತಣಗಳಲ್ಲಿ ಕಂದಕ ತೋಡಿ ಇಡೀ ಪಶುವನ್ನು ಬೇಯಿಸುತ್ತಿದ್ದವರು ದಾಸರೇ. 1865ರ ಜೂನ್ 19ರಂದು ಗ್ಯಾಲ್ವೆಸ್ಟನ್ನಿನಲ್ಲಿ ಬಿಡುಗಡೆಯ ಆಜ್ಞೆಯನ್ನು ಸಾರಿದ ಮೇಲೆ, ಆ ದಿನದ ವಾರ್ಷಿಕೋತ್ಸವವನ್ನು ಟೆಕ್ಸಸ್ಸಿನ ಕಪ್ಪುಜನರು ಆಚರಿಸತೊಡಗಿದಾಗ ಬಾರ್ಬೆಕ್ಯೂವೇ ಆ ಹಬ್ಬದ ಅಡುಗೆಯಾಯಿತು. ಅನ್ಯರಿಗಾಗಿ ಬೇಯಿಸಿದ ಕೈಗಳು ಅಂದು ತಮಗಾಗಿ ಬೇಯಿಸಿಕೊಂಡವು. ಈ ಪಾಲನ್ನು ಬಿಟ್ಟು ಬರೆದ ಬಾರ್ಬೆಕ್ಯೂ ಚರಿತ್ರೆ ಅರ್ಧ ಚರಿತ್ರೆ. ಬಹುಕಾಲ ಅರ್ಧವನ್ನೇ ಬರೆದರು. ಇತ್ತೀಚೆಗೆ ಬರೆಯುವವರು ಉಳಿದರ್ಧವನ್ನು ಹುಡುಕಿ ಸೇರಿಸುತ್ತಿರುವುದು ನನಗೆ ಅತ್ಯಂತ ಸಮಾಧಾನದ ವಿಷಯ.

ಈ ಊಟದ ಮನೆಗಳ ಬಾಗಿಲು ಯಾರಿಗೆ ತೆರೆದಿರಬೇಕೆಂಬ ಪ್ರಶ್ನೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಅದು ಟೆಕ್ಸಸ್ಸಿನ ಮೊಕದ್ದಮೆಯಲ್ಲ, ಅಲಬಾಮ ಸಂಸ್ಥಾನದ ಬರ್ಮಿಂಗ್‌ಹ್ಯಾಮ್ ನಗರದ್ದು. ಅಲ್ಲಿ ಓಲೀಸ್ ಬಾರ್ಬೆಕ್ಯೂ ಎಂಬ ಭೋಜನಗೃಹವು ಕಪ್ಪುಜನರಿಗೆ ಕಟ್ಟಿಕೊಡುತ್ತಿತ್ತೇ ವಿನಾ ಒಳಗೆ ಕೂಡಿಸಿ ಬಡಿಸುತ್ತಿರಲಿಲ್ಲ. 1964ರಲ್ಲಿ ನಾಗರಿಕ ಹಕ್ಕುಗಳ ಶಾಸನ ಜಾರಿಗೆ ಬಂದಾಗ ಅದರ ಒಡೆಯರು ತಮ್ಮ ಸಣ್ಣ ಉದ್ಯಮಕ್ಕೆ ಆ ಶಾಸನ ಅನ್ವಯಿಸದೆಂದು ವಾದಿಸಿದರು. ಅಂಗಡಿಗೆ ಬರುವ ಮಾಂಸವು ಹೊರ ಸಂಸ್ಥಾನಗಳಿಂದ ಬಂದದ್ದಾದುದರಿಂದ ಕೇಂದ್ರದ ಶಾಸನಕ್ಕೆ ಅದು ಒಳಪಡುತ್ತದೆಂದು ಅದೇ ವರ್ಷದ ಡಿಸೆಂಬರಿನಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಕಾಗದದಲ್ಲಿ ಕಟ್ಟಿಕೊಟ್ಟು ಹಿಂದಕ್ಕೆ ಕಳುಹಿಸುವ ಪದ್ಧತಿ ಆ ತೀರ್ಪಿನಿಂದ ಕಾನೂನಿನ ಆಶ್ರಯ ಕಳೆದುಕೊಂಡಿತು. ಆ ಶಾಸನಕ್ಕೆ ಸಹಿ ಹಾಕಿದ ಅಧ್ಯಕ್ಷ ಲಿಂಡನ್ ಜಾನ್ಸನ್ ಮಧ್ಯ ಟೆಕ್ಸಸ್ಸಿನವನು. ಅಧಿಕಾರಕ್ಕೆ ಬಂದ ಮರುತಿಂಗಳೇ, 1963ರ ಡಿಸೆಂಬರಿನಲ್ಲಿ, ಪಶ್ಚಿಮ ಜರ್ಮನಿಯ ಪ್ರಧಾನನಾದ ಲುಡ್ವಿಗ್ ಎರ್ಹಾರ್ಡನನ್ನು ತನ್ನ ಸೀಮೆಗೆ ಬರಮಾಡಿಕೊಂಡು ಸ್ಟೋನ್‌ವಾಲ್ ಎಂಬ ಹಳ್ಳಿಯ ಶಾಲೆಯ ವ್ಯಾಯಾಮಮಂದಿರದಲ್ಲಿ ಅವನಿಗೆ ಬಾರ್ಬೆಕ್ಯೂ ಔತಣವನ್ನಿತ್ತನು. ಜರ್ಮನರು ತಂದ ಹೊಗೆಯ ವಿದ್ಯೆ ನೂರಿಪ್ಪತ್ತು ವರ್ಷಗಳ ತರುವಾಯ ಟೆಕ್ಸಸ್ಸಿನ ಅಡುಗೆಯಾಗಿ ಜರ್ಮನ್ ಅತಿಥಿಯ ಎಡೆಗೆ ಬಂದಿತ್ತು.

ಕ್ರೈಟ್ಸ್ ಮನೆತನದ ಅಂಗಡಿ 1924ರಲ್ಲಿ ಇಟ್ಟಿಗೆಯ ಹೊಸ ಕಟ್ಟಡವನ್ನು ಪಡೆಯಿತು. 1932ರಲ್ಲಿ, ದೇಶವೆಲ್ಲ ಆರ್ಥಿಕ ಕುಸಿತದಿಂದ ತತ್ತರಿಸುತ್ತಿದ್ದಾಗ, ಬ್ಲ್ಯಾಕ್ ಮನೆತನದವರು ಊರಿನಲ್ಲಿ ಇನ್ನೊಂದು ಮಾಂಸ ಹಾಗೂ ದಿನಸಿಯ ಅಂಗಡಿಯನ್ನು ತೆರೆದರು. ಅಂದಿನಿಂದ ಇಂದಿನ ಪರ್ಯಂತ ಅದು ಅದೇ ಮನೆತನದ ಕೈಯಲ್ಲಿದೆ. ಒಂದೇ ಕುಟುಂಬ ಎಡೆಬಿಡದೆ ನಡೆಸಿಕೊಂಡು ಬಂದಿರುವ ಟೆಕ್ಸಸ್ಸಿನ ಬಾರ್ಬೆಕ್ಯೂ ಮನೆಗಳಲ್ಲಿ ತಮ್ಮದೇ ಹಳೆಯದೆಂದು ಅವರು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. 1948ರಲ್ಲಿ ಕ್ರೈಟ್ಸರ ಅಂಗಡಿಯನ್ನು ಅದೇ ಅಂಗಡಿಯಲ್ಲಿ ಕೆಲಸಕ್ಕಿದ್ದ ಎಡ್ಗರ್ ಶ್ಮಿಟ್ ಎಂಬವನು ಕೊಂಡನು. ಊರವರು ಅವನನ್ನು ಸ್ಮಿಟಿ ಎಂದು ಕರೆದರು. ಅಂಗಡಿಯ ಹಳೆಯ ಹೆಸರನ್ನು ಅವನು ಬದಲಿಸಲಿಲ್ಲ.

ಈ ನಡುವೆ ಕಾಲ ಬದಲಾಯಿತು. ಹೊಲಕ್ಕೆ ಹತ್ತಿ ಬಿಡಿಸುವ ಯಂತ್ರ ಬಂದು ಕೂಲಿಯವರ ಅಲೆದಾಟ ನಿಂತಿತು. ಅಂಗಡಿಗೆ ಶೀತಯಂತ್ರ ಬಂದು, ಕೆಡುವ ಮುನ್ನ ಬೇಯಿಸಬೇಕೆಂಬ ಅವಸರವೂ ಹೋಯಿತು. 1960ರ ದಶಕದ ಕಡೆಯಿಂದೀಚೆಗೆ ದೊಡ್ಡ ಕಸಾಯಿಖಾನೆಗಳು ಇಡೀ ದನದ ಬದಲಾಗಿ ಬೇಕಾದ ಭಾಗವನ್ನಷ್ಟೇ ಕತ್ತರಿಸಿ ಪೆಟ್ಟಿಗೆಗಳಲ್ಲಿ ತುಂಬಿ ಕಳುಹಿಸತೊಡಗಿದವು. ಅಗ್ಗವಾಗಿದ್ದ ಎದೆಯ ಮಾಂಸ, ಬ್ರಿಸ್ಕೆಟ್, ಅಂಗಡಿಗಳಿಗೆ ಬೇಕಾದಷ್ಟು ದೊರೆಯುವಂತಾಯಿತು. ಇಂದು ಟೆಕ್ಸಸ್ ಬಾರ್ಬೆಕ್ಯೂ ಎಂದರೆ ಬ್ರಿಸ್ಕೆಟ್ ಎಂಬಷ್ಟು ಅದು ಹೆಸರಾಗಿದೆ; ಆದರೆ ಲಾಕ್‌ಹಾರ್ಟಿನ ಹಳಬರಿಗೆ ಹೆಗಲಿನ ತುಂಡೇ, ಕ್ಲಾಡ್ ಎಂದು ಅವರು ಕರೆಯುವುದೇ, ಮೂಲದ ರುಚಿ. ಹುಟ್ಟಿಗೆ ಕಾರಣವಾದ ಅಗತ್ಯಗಳೆಲ್ಲ ಒಂದೊಂದಾಗಿ ಇಲ್ಲವಾದ ಮೇಲೂ ಒಲೆ ಆರಲಿಲ್ಲವೆಂಬುದು ನನ್ನನ್ನು ಬಹಳ ಕಾಲ ಯೋಚನೆಗೆ ಹಚ್ಚಿತು. ಯಂತ್ರ ಬಂದೊಡನೆ ಅಳಿದ ಕಸುಬುಗಳು ಎಷ್ಟೋ ಇವೆ. ಇದು ಉಳಿದುದಕ್ಕೆ ಕಾರಣ, ಅಷ್ಟರೊಳಗೆ ಹಸಿದವರ ಊಟವು ಊರವರೆಲ್ಲರ ಊಟವಾಗಿಬಿಟ್ಟಿತ್ತು. ಹಿಂದಿನಂಗಳದಲ್ಲಿ ನಿಂತು ತಿಂದವರ ರುಚಿಯನ್ನು ಮುಂದಿನ ಬೀದಿಯವರೂ ತಮ್ಮದೆಂದು ಒಪ್ಪಿಕೊಂಡಿದ್ದರು.

ಸ್ಮಿಟಿ 1984ರಲ್ಲಿ ವ್ಯಾಪಾರವನ್ನು ಗಂಡುಮಕ್ಕಳಿಗೆ ಮಾರಿದನು. 1990ರಲ್ಲಿ ತೀರಿಕೊಂಡಾಗ ಕಟ್ಟಡವು ಅವನ ಇಚ್ಛೆಯಂತೆ ಮಗಳಿಗೆ ಸೇರಿತು. ವ್ಯಾಪಾರ ಸೋದರರದು, ಗೋಡೆಗಳು ಸೋದರಿಯದು. ಬಾಡಿಗೆಯ ಕರಾರಿನ ವಿಷಯದಲ್ಲಿ ಒಮ್ಮತ ಮೂಡದೆ, 1999ರಲ್ಲಿ ಕ್ರೈಟ್ಸ್ ಮಾರ್ಕೆಟ್ ಎಂಬ ಹೆಸರು ತನ್ನ ಹಳೆಯ ಕಟ್ಟಡವನ್ನು ಬಿಟ್ಟು ಹೊರಟಿತು. ಅಲ್ಲಿಂದ ತುಸು ದೂರದಲ್ಲಿ, ಕಣಜದಂಥ ವಿಶಾಲವಾದ ಹೊಸ ಮನೆ ಎದ್ದಿತ್ತು. ಹೊರಟ ದಿನ ಹಳೆಯ ಒಲೆಯ ಕೆಂಡಗಳನ್ನು ಒಂದು ಲೋಹದ ತೊಟ್ಟಿಯಲ್ಲಿ ತುಂಬಿ, ಜನರೆಲ್ಲ ನೋಡುತ್ತಿರಲು ಬೀದಿಯುದ್ದಕ್ಕೂ ಎಳೆದೊಯ್ದು, ಆ ಕೆಂಡದಿಂದ ಹೊಸ ಒಲೆಯನ್ನು ಹೊತ್ತಿಸಿದರು. ಹಳೆಯ ಕಟ್ಟಡದಲ್ಲಿ ಸೋದರಿಯು ತಂದೆಯ ಹೆಸರನ್ನಿಟ್ಟು ಸ್ಮಿಟೀಸ್ ಮಾರ್ಕೆಟನ್ನು ತೆರೆದಳು. ಪತ್ರಿಕೆಗಳು ಇದನ್ನು ಕುಟುಂಬಕಲಹವೆಂದು ಬಣ್ಣಿಸಿದವು. ನನಗೆ ಇದರಲ್ಲಿ ಕಾಣುವುದು ಕಲಹಕ್ಕಿಂತ ಮಿಗಿಲಾದುದು. ಹೊಸ ಮನೆಯವರಿಗೆ ಬೆಂಕಿಪೊಟ್ಟಣ ಇರಲಿಲ್ಲವೆಂದಲ್ಲ. ಬೆಂಕಿ ಹೊಸದಾದರೆ ತಾವು ಬೇರೆಯವರಾಗಿಬಿಡುತ್ತೇವೆಂಬ ಅಳುಕು ಅವರಿಗಿತ್ತು. ಹಳೆಯ ಮನೆಯಲ್ಲುಳಿದವರಿಗೆ ಹೊಗೆ ಹಿಡಿದು ಕಪ್ಪಾದ ಗೋಡೆಯೇ ಪಿತ್ರಾರ್ಜಿತ. ಬೆಂಕಿ ಹಿರಿದೋ ಗೋಡೆ ಹಿರಿದೋ ಎಂದು ತೀರ್ಪು ಹೇಳುವ ಧೈರ್ಯ ನನಗಿಲ್ಲ. ಎರಡೂ ಉಳಿದವಲ್ಲ, ಅದು ಊರಿನ ಭಾಗ್ಯ.

ಊಟದ ದೃಷ್ಟಿಯಿಂದ ಹೇಳುವುದಾದರೆ, ಕ್ರೈಟ್ಸ್‌ನಲ್ಲಿ ಮೊದಲು ಕೊಳ್ಳತಕ್ಕುದು ಹೆಗಲಿನ ಕ್ಲಾಡ್. ಉಪ್ಪು, ಕರಿಮೆಣಸು, ಕೊಂಚ ಕೆಂಪುಮೆಣಸಿನ ಹೊರತು ಅದಕ್ಕೆ ಮತ್ತೇನೂ ಸೋಕಿರುವುದಿಲ್ಲ. ಮುಳ್ಳುಚಮಚವನ್ನಾಗಲಿ ಹುಳಿಸಿಹಿಯಾದ ಸಾಸನ್ನಾಗಲಿ ಬಹುಕಾಲ ಅಲ್ಲಿ ಕೊಡುತ್ತಿರಲಿಲ್ಲ. ಸಾಸು ಈಚೆಗೆ ಒಳಗೆ ಬಂದಿದೆ, ಬೇಡದವರು ಬಿಡಬಹುದು. ಬ್ಲ್ಯಾಕ್ಸ್‌ನಲ್ಲಿ ದನದ ದೊಡ್ಡ ಪಕ್ಕೆಲುಬು, ಒಂದೊಂದೂ ಇಬ್ಬರಿಗೆ ಸಾಲುವಷ್ಟು; ಕಾಳು, ಆಲೂಗೆಡ್ಡೆ ಮೊದಲಾದ ಪಕ್ಕದ ಅಡುಗೆಗಳು ಅಲ್ಲಿ ಧಾರಾಳ. 1978ರಲ್ಲಿ ತೆರೆದ ಚಿಸಮ್ ಟ್ರೇಲಿನಲ್ಲಿ ಊರಿನವರೇ ಹೆಚ್ಚಾಗಿ ಕಾಣಸಿಗುತ್ತಾರೆ, ದೂರದ ಯಾತ್ರಿಕರು ಕಡಿಮೆ. ಸದ್ದಿಲ್ಲದೆ ಊಟ ಮಾಡಬಯಸುವವನಿಗೆ ಅದು ಸರಿಯಾದ ಜಾಗ. 2023ರಲ್ಲಿ ಚೌಕದ ಬಳಿ ಬಾರ್ಬ್ಸ್ ಎಂಬ ಹೊಸ ಮನೆಯೊಂದನ್ನು ಮೂವರು ಯುವತಿಯರು ತೆರೆದರು. ಟೆಕ್ಸಸ್ಸಿನ ದಕ್ಷಿಣದ ಗಡಿಸೀಮೆಯ ಮೆಕ್ಸಿಕನ್ ಮನೆಗಳ ಅಡುಗೆಯನ್ನು ಅವರು ಹೊಗೆಮಾಂಸದ ಜೊತೆಗೆ ತಂದಿದ್ದಾರೆ. ಹಸಿರು ಮಸಾಲೆಯ ಸ್ಪಗೆಟ್ಟಿ ಅಲ್ಲಿ ಹೆಸರುವಾಸಿ. ಒಂದು ಕಾಲದಲ್ಲಿ ಹತ್ತಿಯ ಚೀಲ ಎಳೆಯುತ್ತ ದಕ್ಷಿಣದಿಂದ ಬಂದವರ ಅಡುಗೆ ಇಂದು ತನ್ನದೇ ಹೆಸರಿನ ಹಲಗೆಯ ಕೆಳಗೆ ಚೌಕದಲ್ಲಿ ನೆಲೆಸಿರುವುದನ್ನು ನೋಡಿ ನನಗೆ ಮನಸ್ಸು ತುಂಬಿ ಬಂದಿತು.

ಸ್ಮಿಟೀಸ್ ಮಾರ್ಕೆಟಿಗೆ ಕೊನೆಯಲ್ಲಿ ಹೋದೆ. ಅದರ ಮುಂಬಾಗಿಲು ಚೌಕದ ಕಡೆಗಿದೆ. ಆ ಬಾಗಿಲಿನಿಂದ ಹೊಕ್ಕರೆ ಎರಡು ಪಕ್ಕದಲ್ಲೂ ಹಳೆಯ ಬೆಂಚುಗಳಿರುವ, ಹೊಗೆಯಿಂದ ಕಂದುಗಪ್ಪಾದ ಉದ್ದನೆಯ ಹಜಾರ ಸಿಕ್ಕುತ್ತದೆ. ಆದರೆ ವಾಹನ ನಿಲ್ಲಿಸುವ ಬಯಲು ಹಿಂದಿರುವ ಕಾರಣ, ಬರುವವರಲ್ಲಿ ಬಹುಮಂದಿ ಹಿಂಬಾಗಿಲಿನಿಂದಲೇ ಬರುತ್ತಾರೆ. ನಾನೂ ಹಾಗೆಯೇ ಹೊಕ್ಕೆನು. ಬಿಸಿಲಿನಿಂದ ಒಳಗೆ ಕಾಲಿಟ್ಟವನಿಗೆ ಮೊದಲು ಕತ್ತಲೆಯಲ್ಲದೆ ಬೇರೇನೂ ಕಾಣಲಿಲ್ಲ. ಆಮೇಲೆ ಕಾಲ ಬಳಿಯಲ್ಲಿಯೇ, ಬರಿಯ ನೆಲದ ಮೇಲೆ, ಒಲೆಯ ಬಾಯಿಯಲ್ಲಿ ಉರಿಯುತ್ತಿರುವ ಓಕ್ ಕೊರಡುಗಳು ಕಂಡವು. ಮಾಂಸ ಕೊಳ್ಳುವವರ ಸಾಲು ಆ ಉರಿಯ ಪಕ್ಕದಲ್ಲಿಯೇ ಹಾದುಹೋಗುತ್ತದೆ, ನಡುವೆ ಯಾವ ತಡೆಯೂ ಇಲ್ಲ. ಮುಖಕ್ಕೆ ಝಳ ಹೊಡೆಯುತ್ತಿತ್ತು. ಒಬ್ಬನು ಮುಚ್ಚಳವನ್ನೆತ್ತಿ ಬಳೆಯಾಕಾರದ ಸಾಸೇಜೊಂದನ್ನು ತೆಗೆದು, ತಕ್ಕಡಿಗೆ ಹಾಕಿ, ಕಂದು ಕಾಗದದಲ್ಲಿ ಸುತ್ತಿ, ಮೇಲೆ ಒಂದಿಷ್ಟು ಬಿಳಿಯ ಬಿಸ್ಕತ್ತುಗಳನ್ನಿಟ್ಟು ನನ್ನ ಕೈಗೆ ಕೊಟ್ಟನು.